ಮಂಟೇಸ್ವಾಮಿಯ ಪವಾಡ, ಚೀನದ ಕೋತಿಯ ಮಾಯೆ

ಪವಾಡ ಎಂದ ಕೂಡಲೇ ನಮ್ಮ ಗೆಳೆಯರಲ್ಲಿ ಅನೇಕರು ಮುಖ ತಿರುಗಿಸುತ್ತಾರೆ. 'ಅದೆಲ್ಲಾ ಪುರೋಹಿತರು ಕಟ್ಟಿದ ಕತೆ. ಜನರನ್ನು ಮಂಕು ಮಾಡೋ ದಂಧೆ. ಅದನ್ನ ಯಾಕ್ರೀ ಬರೀತೀರಿ?' ಎಂದು ಕೇಳುತ್ತಾರೆ. ಅವರ ಸಿಟ್ಟು ಸುಳ್ಳಲ್ಲ. ಗಾಳಿಯಲ್ಲಿ ಬೂದಿ ತೆಗೆದು ಕೊಡುವವರ ಕಾಲಿಗೆ ಮಂತ್ರಿಗಳು ಬೀಳುವ ದೇಶ ಇದು. ಆದರೆ ಈ ದೇಶದಲ್ಲಿ ಬಾವಿಗೆ ಜಾತಿಯಿದ್ದ ಹಾಗೆ ಪವಾಡಕ್ಕೂ ಜಾತಿಯಿದೆ. ಅರಮನೆಯ ಪವಾಡ ಬೇರೆ, ಕೇರಿಯ ಪವಾಡ ಬೇರೆ. ಅರಮನೆಯವನಿಗೆ ಬಾಗಿಲು ಮೊದಲೇ ತೆರೆದಿರುತ್ತದೆ, ಅದನ್ನು ತೆರೆಯಲು ಅವನಿಗೆ ಮಾಯೆ ಬೇಕಿಲ್ಲ. ಕೇರಿಯವನ ಪವಾಡ ಹುಟ್ಟುವುದೇ ಮುಚ್ಚಿದ ಬಾಗಿಲ ಮುಂದೆ. ಹಾಗಾಗಿ ಆ ಪವಾಡವನ್ನು ತಿರುಗಿಸಿ ಓದಿದರೆ ಯಾವ ಯಾವ ಬಾಗಿಲು ಮುಚ್ಚಿತ್ತು ಎಂಬ ಲೆಕ್ಕ ಸಿಗುತ್ತದೆ. ಶಾಸನ ಕೊರೆಸಲು ಕಲ್ಲೂ ಇಲ್ಲದ, ಕಾಸೂ ಇಲ್ಲದ ಜನ ತಮ್ಮ ಚರಿತ್ರೆಯನ್ನು ಬರೆದಿಟ್ಟದ್ದು ಹೀಗೆ.

ಈ ಮಾತನ್ನು ನಾವು ಕಿರವತ್ತಿಯಲ್ಲಿ ಕೂತು ಬರೆಯುತ್ತಿದ್ದೇವೆ. ಹುಬ್ಬಳ್ಳಿಯಿಂದ ಕಲಘಟಗಿ ದಾಟಿ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ, ಬಯಲು ಮುಗಿದು ಕಾಡು ಹಿಡಿಯುವ ಕಡೆ ಇರುವ ಊರು ಇದು. ಸುತ್ತಲಿನ ಕಾಡಂಚಿನಲ್ಲಿ ಸಿದ್ದಿಗಳು, ಗೌಳಿಗಳು, ನಮ್ಮ ಕೇರಿಗಳ ಜನ. ಯಕ್ಷಗಾನ ನೋಡಿ ಬೆಳೆದ ಇಲ್ಲಿನ ಹುಡುಗರಿಗೆ ಹನುಮಂತನ ಲಂಕಾದಹನ ಗೊತ್ತು. ದಕ್ಷಿಣದ ಮಳವಳ್ಳಿ, ಕೊಳ್ಳೇಗಾಲದ ಕಡೆಯ ದಲಿತರು ಇಡೀ ರಾತ್ರಿ ಕೂತು ಕೇಳುವ ಮಂಟೇಸ್ವಾಮಿಯ ಕತೆ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಚೀನ ದೇಶದ ರೈತರು ನೂರಾರು ವರ್ಷ ಕೇಳಿದ ಸುನ್ ವುಕಾಂಗ್ ಎಂಬ ಕೋತಿಯ ಕತೆಯಂತೂ ದೂರವೇ ಉಳಿಯಿತು. ಈ ಇಬ್ಬರನ್ನೂ ಎದುರುಬದುರು ಕೂರಿಸಿ ನೋಡಿದರೆ ನಮ್ಮ ಇಂದಿನ ಕೆಲಸಕ್ಕೆ ಬರುವ ಸಂಗತಿಗಳು ಹೊರಬರುತ್ತವೆ.

ಮೊದಲು ಮಂಟೇಸ್ವಾಮಿ. ಧರೆಗೆ ದೊಡ್ಡವರು, ಪರಂಜ್ಯೋತಿ ಎಂದೆಲ್ಲ ಜನ ಅವರನ್ನು ಕರೆಯುತ್ತಾರೆ. ಕತೆಯನ್ನು ಹಾಡುವವರು ನೀಲಗಾರರು. ದೀಕ್ಷೆ ಪಡೆದ ಈ ಗಾಯಕರಲ್ಲಿ ಹೆಚ್ಚಿನವರು ದಲಿತರು, ಜೊತೆಗೆ ಬೇರೆ ದುಡಿಯುವ ಜಾತಿಗಳವರೂ ಇದ್ದಾರೆ. ಕೈಯಲ್ಲಿ ತಂಬೂರಿ, ಗಗ್ಗರ, ಪಕ್ಕದಲ್ಲಿ ದಮ್ಮಡಿ. ಪುಸ್ತಕ ನೋಡಿ ಹಾಡಿದವರಲ್ಲ. ಪುಸ್ತಕ ಬಂದದ್ದು ತೀರಾ ಈಚೆಗೆ. ಜೀ.ಶಂ. ಪರಮಶಿವಯ್ಯನವರಂಥ ಜಾನಪದ ವಿದ್ವಾಂಸರು ಹುಡುಕಿಕೊಂಡು ಹೋದ ಮೇಲೆ, ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ದೊಡ್ಡ ಗ್ರಂಥವನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿದ ಮೇಲೆ, ಓದಿದವರ ಕಣ್ಣಿಗೆ ಇದು 'ಮಹಾಕಾವ್ಯ'ವಾಗಿ ಕಂಡಿತು. ಅದಕ್ಕೂ ಮೊದಲು ಇದು ಭಿಕ್ಷಕ್ಕೆ ಬಂದವರ ಪದ, ಅಷ್ಟೇ.

ಇನ್ನು ಕೋತಿ. ಚೀನದಿಂದ ಹ್ಯೂಯೆನ್‌ತ್ಸಾಂಗ್ ಎಂಬ ಬೌದ್ಧ ಭಿಕ್ಷು 629ರಲ್ಲಿ ಹೊರಟು, ನಮ್ಮ ದೇಶವನ್ನೆಲ್ಲ ಸುತ್ತಿ, 645ರಲ್ಲಿ ಗ್ರಂಥಗಳನ್ನು ಹೊತ್ತುಕೊಂಡು ಹಿಂದಿರುಗಿದ ಎಂದು ಸಾಲೆಯ ಪಾಠದಲ್ಲಿ ಓದಿದ್ದೇವೆ. ಚಾಲುಕ್ಯ ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಆತ ವರ್ಣಿಸಿದ್ದಾನೆ. ಕೊಂಕಣಪುರ ಎಂಬ ಒಂದು ನಾಡನ್ನು ನೋಡಿದೆ, ಅಲ್ಲಿ ಬರೆಯಲು ಎಲೆ ಕೊಡುವ ತಾಳೆಮರಗಳ ವನವಿತ್ತು ಎಂದೂ ಬರೆದಿದ್ದಾನೆ. ಆ ಕೊಂಕಣಪುರ ನಮ್ಮ ಶಿರಸಿ ತಾಲೂಕಿನ ಬನವಾಸಿಯೇ ಎಂದು ಕೆಲವು ವಿದ್ವಾಂಸರು ಹೇಳಿದರು, ತುಂಗಭದ್ರೆಯ ದಂಡೆಯ ಆನೆಗೊಂದಿ ಎಂದು ಇನ್ನು ಕೆಲವರು ಹೇಳಿದರು. ಈ ಭಿಕ್ಷುವಿನ ಪ್ರಯಾಣ ಚೀನದಲ್ಲಿ ಬಾಯಿಂದ ಬಾಯಿಗೆ ಬೆಳೆಯಿತು. ಸಂತೆಯ ಕತೆಗಾರರು, ನಾಟಕದವರು ಅವನ ಜೊತೆಗೆ ಒಂದು ಕೋತಿಯನ್ನು ಸೇರಿಸಿದರು. 1592ರಲ್ಲಿ ಅಚ್ಚಾದ 'ಪಶ್ಚಿಮ ಯಾತ್ರೆ' ಎಂಬ ಕಾದಂಬರಿಯ ಹೊತ್ತಿಗೆ ಗುರುವಿಗಿಂತ ಕೋತಿಯೇ ದೊಡ್ಡವನಾಗಿದ್ದ. ಈ ಕೋತಿ ನಮ್ಮ ಹನುಮಂತನ ವಂಶದವನೇ ಎಂದು 1923ರಲ್ಲಿ ಹೂ ಷಿ ಎಂಬ ಚೀನೀ ವಿದ್ವಾಂಸ ವಾದಿಸಿದ. ಅಲ್ಲ, ಚೀನದ್ದೇ ಹಳೆಯ ಜಲಪಿಶಾಚಿಯ ಕತೆಯಿಂದ ಬಂದವನು ಎಂದು ಲೂ ಷುನ್ ಹೇಳಿದ. ಆ ಜಗಳ ಅಲ್ಲಿಗೇ ಇರಲಿ. ಕೋತಿಗೆ ಏನೇನು ಶಕ್ತಿಯಿತ್ತು, ಯಾಕೆ ಇತ್ತು ಎಂಬುದು ನಮಗೆ ಮುಖ್ಯ.

ಅವನಿಗೆ ತಂದೆತಾಯಿ ಇಲ್ಲ. ಬೆಟ್ಟದ ಮೇಲಿನ ಬಂಡೆ ಒಡೆದು ಹುಟ್ಟಿದವನು. ಅಂದರೆ ಕುಲ ಕೇಳಿದರೆ ಹೇಳಲಿಕ್ಕೆ ಏನೂ ಇಲ್ಲ. ಒಬ್ಬ ಗುರುವಿನ ಹತ್ತಿರ ಎಪ್ಪತ್ತೆರಡು ರೂಪಾಂತರ ಕಲಿತ. ಮೋಡದ ಮೇಲೆ ಒಂದು ಲಾಗ ಹಾಕಿದರೆ 1,08,000 ಲೀ ದೂರ. ಮೈಯ ಕೂದಲು ಕಿತ್ತು ಅಗಿದು ಉಗುಳಿದರೆ ಒಂದೊಂದು ಕೂದಲೂ ಒಂದೊಂದು ಕೋತಿ. ಒಬ್ಬನೇ ನಿಂತವನು ಸಾವಿರ ಆಗುವ ಈ ವಿದ್ಯೆಯ ಅರ್ಥವನ್ನು ಸಂಘ ಕಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ವೇಷದ ಮಾತು. ಕೋತಿ ನೊಣವಾಗುತ್ತಾನೆ, ಮೀನಾಗುತ್ತಾನೆ, ಗುಡಿಯೂ ಆಗುತ್ತಾನೆ. ಶತ್ರುವಿನ ಕಣ್ಣು ತಪ್ಪಿಸಲು ಅವನ ವೇಷ. ಮಂಟೇಸ್ವಾಮಿಯ ವೇಷ ಇದಕ್ಕೆ ತಿರುಗುಮುರುಗು. ಎಲ್ಲರ ಕಣ್ಣಿಗೆ ಬೀಳಲೆಂದೇ ಅವರು ವೇಷ ಹಾಕುತ್ತಾರೆ. ಬಸವಣ್ಣನವರ ಕಲ್ಯಾಣಕ್ಕೆ ಬರುವಾಗ ಅವರ ಮೈತುಂಬ ರೋಗ, ಮೇಲೆ ಮುತ್ತಿದ ನೊಣ, ಜೊತೆಯಲ್ಲಿ ಹೆಂಡ, ಮಾಂಸ. ಯಾವುದನ್ನು ಕಂಡರೆ ಮಡಿವಂತರು ಮೂಗು ಮುಚ್ಚಿಕೊಳ್ಳುತ್ತಾರೋ ಅದನ್ನೆಲ್ಲ ಮೈಮೇಲೆ ಹೊತ್ತು ತರುತ್ತಾರೆ. ದೇವರು ರೂಪ ಬದಲಿಸಿ ಭಕ್ತರನ್ನು ಪರೀಕ್ಷೆ ಮಾಡುವ ಕತೆ ಪುರಾಣಗಳಲ್ಲಿ ಬೇಕಾದಷ್ಟಿದೆ. ಅಲ್ಲಿ ದೇವರು ಕೊನೆಗೆ ವೇಷ ಕಳಚಿ ಕಿರೀಟ ಹಾಕಿಕೊಂಡು ನಿಲ್ಲುತ್ತಾನೆ. 'ಅಯ್ಯೋ ತಪ್ಪಾಯ್ತು, ನೀವು ದೇವರು ಅಂತ ಗೊತ್ತಾಗಲಿಲ್ಲ' ಎಂದು ಜನ ಕಾಲಿಗೆ ಬೀಳುತ್ತಾರೆ. ಅಂದರೆ ನಿಜವಾದ ಹೊಲೆಯನಾಗಿದ್ದರೆ ಹೊಡೆದದ್ದು ಸರಿ ಎಂದಂತಾಯಿತು! ಮಂಟೇಸ್ವಾಮಿಯ ಪದ ಈ ಮೋಸಕ್ಕೆ ಸುಲಭವಾಗಿ ಸಿಗುವುದಿಲ್ಲ. ಆ ಕೊಳೆತ ಮೈಯನ್ನೇ, ಆ ವಾಸನೆಯನ್ನೇ ಒಪ್ಪಿಕೊಳ್ಳಿ ಎಂದು ಅದು ಹಟ ಹಿಡಿಯುತ್ತದೆ.

ಎರಡನೆಯದು ಊಟದ ಪಂಕ್ತಿ. ಸ್ವರ್ಗದಲ್ಲಿ ಪೀಚ್ ಹಣ್ಣಿನ ಔತಣ. ತಿಂದವರಿಗೆ ಸಾವಿಲ್ಲ. ಕೋತಿಯನ್ನು ಆ ತೋಟದ ಕಾವಲಿಗೆ ಇಡುತ್ತಾರೆ, ಔತಣಕ್ಕೆ ಮಾತ್ರ ಕರೆಯುವುದಿಲ್ಲ. ಅದಕ್ಕೂ ಮೊದಲು ಅವನಿಗೆ ಕೊಟ್ಟಿದ್ದ ಕೆಲಸ ಸ್ವರ್ಗದ ಕುದುರೆ ಲಾಯದ ಚಾಕರಿ. ದೊಡ್ಡ ಹುದ್ದೆ ಎಂದು ನಂಬಿ ದುಡಿದವನು ಒಂದು ದಿನ 'ಇದು ಎಷ್ಟನೇ ದರ್ಜೆ?' ಎಂದು ಕೇಳುತ್ತಾನೆ. ದರ್ಜೆಯೇ ಇಲ್ಲ, ಲೆಕ್ಕಕ್ಕೇ ಇಲ್ಲದ ಕೆಲಸ ಎಂದು ತಿಳಿದಾಗ ಮೇಜು ಉರುಳಿಸಿ ಹೊರಟುಬಿಡುತ್ತಾನೆ. ತೋಟ ಕಾಯುವವನಿಗೆ ಹಣ್ಣಿಲ್ಲ, ಕೊಟ್ಟಿಗೆ ಬಳಿಯುವವನಿಗೆ ಹಾಲಿಲ್ಲ ಎಂಬುದು ಚೀನದ ರೈತನಿಗೂ ನಮಗೂ ಒಂದೇ ಅನುಭವ. ಕೋತಿ ಕದ್ದು ತಿನ್ನುತ್ತಾನೆ. ಆ ಕತೆ ಕೇಳುವಾಗ ನಗುವವರೆಲ್ಲ ಯಾವುದೋ ತೋಟ ಕಾದವರೇ.

ಕಲ್ಯಾಣದಲ್ಲಿಯೂ ಪಂಕ್ತಿ ಇದೆ. ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ. ಹನ್ನೆರಡನೆಯ ಶತಮಾನದಲ್ಲಿ ಜಾತಿಯನ್ನು ಬೇರುಸಹಿತ ಅಲುಗಿಸಿದ ಊರು ಅದು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತೆಂದು ರಕ್ತ ಹರಿದ ಊರು. ಅಂಥ ಊರಿನ ಬಾಗಿಲಲ್ಲಿ ಮಂಟೇಸ್ವಾಮಿಯನ್ನು ಹೊಡೆದು ತಿಪ್ಪೆಗೆ ತಳ್ಳಿದರು ಎಂದು ನೀಲಗಾರರು ಹಾಡುತ್ತಾರೆ. ಕೊನೆಗೆ ಹುಡುಕಿಕೊಂಡು ಬಂದು ಅವರ ಕಾಲು ಹಿಡಿದವರು ಬಸವಣ್ಣ, ನೀಲಮ್ಮ ಇಬ್ಬರೇ. ಉಳಿದ ಅಷ್ಟೂ ಜನ ಪರೀಕ್ಷೆಯಲ್ಲಿ ಬಿದ್ದರು. ಇದನ್ನು ಬಸವಣ್ಣನವರ ನಿಂದೆ ಎಂದು ತಿಳಿಯಬಾರದು. ಬಸವಣ್ಣನ ಮೇಲಿನ ಪ್ರೀತಿಯಿಂದಲೇ, ಅವರ ಹೆಸರು ಹೇಳಿಕೊಂಡು ಉಂಡವರನ್ನು ಕೇಳಿದ ಪ್ರಶ್ನೆ ಇದು. ಎಲ್ಲರೂ ಒಂದೇ ಎಂದು ಹೇಳಿದ ಚಳವಳಿಯ ಊಟದ ಸಾಲಿನಲ್ಲಿ ಕಟ್ಟಕಡೆಯವನು ಎಲ್ಲಿ ಕೂತಿದ್ದ? ಯಾವ ಚಳವಳಿಯೂ, ನಮ್ಮದೂ ಸೇರಿ, ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ.

ಮೂರನೆಯದು ಕಬ್ಬಿಣ. ಈ ಎರಡೂ ಕತೆಗಳಲ್ಲಿ ಕಬ್ಬಿಣವೇ ಬರುವುದು ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ಕೋತಿಗೆ ತನ್ನ ಕೈಗೆ ತಕ್ಕ ಆಯುಧ ಬೇಕು. ಸಮುದ್ರದ ತಳಕ್ಕಿಳಿದು ನಾಗರಾಜನ ಭಂಡಾರದಲ್ಲಿ ಹುಡುಕುತ್ತಾನೆ. ಹಿಂದೊಮ್ಮೆ ಪ್ರಳಯದ ನೀರಿನ ಆಳ ಅಳೆಯಲು ಬಳಸಿ ಬಿಟ್ಟಿದ್ದ ಕಬ್ಬಿಣದ ಕಂಬ ಸಿಗುತ್ತದೆ. ತೂಕ 13,500 ಜಿನ್, ನಮ್ಮ ಲೆಕ್ಕದಲ್ಲಿ ಎಪ್ಪತ್ತು ಎಂಬತ್ತು ಕ್ವಿಂಟಲ್. ಅವನು ಹೇಳಿದರೆ ಅದು ಸೂಜಿಯಷ್ಟಾಗಿ ಕಿವಿಯೊಳಗೆ ಕೂರುತ್ತದೆ, ಬೇಕೆಂದಾಗ ಆಕಾಶ ಮುಟ್ಟುತ್ತದೆ. ಬಡವನ ಆಯುಧ ಹೀಗೇ ಇರಬೇಕು. ಝಡತಿಗೆ ಬಂದವನಿಗೆ ಕಾಣಬಾರದು, ಹೊತ್ತಿಗೆ ಕೈಗೆ ಬರಬೇಕು.

ನಮ್ಮ ಕಡೆಯ ಕತೆಯಲ್ಲಿ ಕಬ್ಬಿಣ ತರುವವನು ಸಿದ್ದಪ್ಪಾಜಿ. ಮೊದಲ ಹೆಸರು ಕೆಂಪಾಚಾರಿ. ನಿಡುಗಟ್ಟದ ಆಚಾರಿಗಳ ಮನೆಯ ಹುಡುಗ, ತಾಯಿ ಮುದ್ದಮ್ಮ. ಮಂಟೇಸ್ವಾಮಿ ಅವನನ್ನು ಶಿಶುಮಗನಾಗಿ ಬೇಡುತ್ತಾರೆ. ಹೆತ್ತವರು ಕೊಡುವುದಿಲ್ಲ. ಮಾಯೆಯಿಂದ ಆ ಮನೆಯನ್ನು ಬಗ್ಗಿಸಿ ಮಗನನ್ನು ಬಿಡಿಸಿಕೊಂಡು ಬರುವ ಆ ಸಾಲು ಕೇಳುವುದು ಕಷ್ಟ. ತಾಯಿಯ ಕರುಳಿನ ಮುಂದೆ ಗುರುವಿನ ಪವಾಡ ಕ್ರೂರವಾಗಿ ಕಾಣುತ್ತದೆ. ನಮ್ಮ ನಾಯಕ ಎಂಬ ಕಾರಣಕ್ಕೆ ಇದನ್ನು ನಾವು ಮುಚ್ಚಿಡಬಾರದು. ಆಮೇಲೆ ಮಠದ ಕೆಲಸಕ್ಕೆ ಕಬ್ಬಿಣ ಬೇಕಾಗುತ್ತದೆ. ಹಲಗೂರಿನ ಪಾಂಚಾಳರಲ್ಲಿಗೆ ಹೋಗಿ ಕಬ್ಬಿಣದ ಭಿಕ್ಷ ತಾ ಎಂದು ಸಿದ್ದಪ್ಪಾಜಿಯನ್ನು ಕಳಿಸುತ್ತಾರೆ. ಪಾಂಚಾಳರು ಕೊಡುವುದಿಲ್ಲ. ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುತ್ತಾರೆ, ವಿಷ ಕುಡಿಸುತ್ತಾರೆ. ಸಿದ್ದಪ್ಪಾಜಿ ಕುಡಿದು, ಬದುಕಿ, ಕಬ್ಬಿಣ ಗೆದ್ದು ಬರುತ್ತಾನೆ.

ಭಿಕ್ಷ ಎಂದರೆ ನಮಗೆ ಅನ್ನ, ರಾಗಿ, ಕಾಸು. ಕಬ್ಬಿಣವನ್ನು ಭಿಕ್ಷ ಬೇಡಿದವರನ್ನು ಯಾರಾದರೂ ಕಂಡಿದ್ದೀರಾ? ಕುಳ, ಕುಡುಗೋಲು, ಹಾರೆ, ಗುದ್ದಲಿ ಎಲ್ಲದರ ತಾಯಿ ಕಬ್ಬಿಣ. ಅನ್ನ ಬೇಡಿದವನಿಗೆ ಒಂದು ಹೊತ್ತು ನೀಡಿ ಪುಣ್ಯ ಕಟ್ಟಿಕೊಳ್ಳಬಹುದು. ಕಬ್ಬಿಣ ಬೇಡಿದವನಿಗೆ ಕೊಟ್ಟರೆ ಅವನು ನಾಳೆಯಿಂದ ಅನ್ನ ಬೇಡಲು ಬರುವುದಿಲ್ಲ. ಅದಕ್ಕೇ ವಿಷ. ಉತ್ಪಾದನೆಯ ಸಾಧನ ಯಾರ ಕೈಯಲ್ಲಿರಬೇಕು ಎಂದು ನಾವು ಅಧ್ಯಯನ ಶಿಬಿರಗಳಲ್ಲಿ ಗಂಟೆಗಟ್ಟಲೆ ಮಾತಾಡುವುದನ್ನು ನೀಲಗಾರರು ಒಂದು ಸಾಲಿನಲ್ಲಿ ಹಾಡಿ ಮುಗಿಸಿದ್ದಾರೆ. ಇನ್ನೊಂದು ಮಾತೂ ಇದೆ. ಕಬ್ಬಿಣ ಬೇಡಲು ಹೋದವನು ಅದೇ ಕುಲುಮೆಯ ಕುಲದಲ್ಲಿ ಹುಟ್ಟಿದವನು. ಸ್ವಂತ ಕುಲದವರ ಭಂಡಾರವನ್ನು ಕೇರಿಗೆ ಬಿಡಿಸಿಕೊಂಡು ಬಂದವನನ್ನು ಕೇರಿ ಇಂದಿಗೂ ತಲೆಮೇಲೆ ಹೊತ್ತಿದೆ.

ಮಲೆ ಮಾದೇಶ್ವರನ ಕತೆಯಲ್ಲೂ ಇದೇ ದಾರ. ಅಲ್ಲಿ ಶ್ರವಣ ಎಂಬ ದೊರೆ ದೇವರುಗಳನ್ನೇ ಜೀತಕ್ಕೆ ಇಟ್ಟುಕೊಂಡಿದ್ದಾನೆ. ಅವನನ್ನು ಮುಗಿಸಲು ಮಾದಪ್ಪನಿಗೆ ನೆರವಾಗುವುದು ಹರಳಯ್ಯ ಮಾಡಿಕೊಟ್ಟ ಪಾದರಕ್ಷೆ. ಚಮ್ಮಾರನ ಕೈಕೆಲಸ ಇಲ್ಲದೆ ಆ ಪವಾಡ ನಡೆಯುವುದಿಲ್ಲ. ಜೀತ ಮಾಡಿ ಬೆನ್ನು ಬಾಗಿದವರು ಮಾತ್ರ ದೇವರುಗಳೂ ಜೀತಕ್ಕಿದ್ದರು ಎಂದು ಊಹಿಸಬಲ್ಲರು. ಸರ್ಕಾರ ಜೀತ ರದ್ದು ಮಾಡಿ ಕಾಯಿದೆ ತಂದದ್ದು 1976ರಲ್ಲಿ. ಹಾಡಿನಲ್ಲಿ ಅದು ಎಷ್ಟೋ ಹಿಂದೆಯೇ ರದ್ದಾಗಿತ್ತು.

ನಾಲ್ಕನೆಯದು ದಫ್ತರ. ಕೋತಿಯ ಶಕ್ತಿಗಳಲ್ಲಿ ನಮಗೆ ಎಲ್ಲಕ್ಕಿಂತ ಹತ್ತಿರವಾದದ್ದು ಇದು. ಒಂದು ರಾತ್ರಿ ಯಮಲೋಕದ ಚಾಕರರು ಬಂದು ಅವನ ಜೀವಕ್ಕೆ ಹಗ್ಗ ಹಾಕಿ ಎಳೆದುಕೊಂಡು ಹೋಗುತ್ತಾರೆ. ಅವನು ಹತ್ತು ಯಮರಾಜರ ಕಚೇರಿಗೆ ನುಗ್ಗಿ, ಗುಮಾಸ್ತನಿಂದ ಪುಸ್ತಕ ತರಿಸಿ, ತನ್ನ ಹೆಸರು ಹುಡುಕುತ್ತಾನೆ. 1350ನೇ ನಂಬರು, ಕಲ್ಲಿನ ಕೋತಿ, ಆಯುಷ್ಯ 342 ವರ್ಷ. ಕುಂಚ ಮಸಿಗದ್ದಿ ಹೊಡೆದು ಹಾಕುತ್ತಾನೆ. ತನ್ನದೊಂದೇ ಅಲ್ಲ, ಆ ಪುಸ್ತಕದಲ್ಲಿದ್ದ ಕೋತಿಗಳ ಹೆಸರನ್ನೆಲ್ಲ ಹೊಡೆಯುತ್ತಾನೆ. ಕಂದಾಯ, ಬಿಟ್ಟಿ, ದಂಡು ಎಲ್ಲಕ್ಕೂ ಹೆಸರು ಹಿಡಿದು ಕರೆಯುವ ದಫ್ತರಕ್ಕೆ ಹೆದರಿ ಬದುಕಿದ ಜನ ಕಂಡ ಕನಸು ಇದು.

ನಮ್ಮ ಸುತ್ತಲಿನ ಸಿದ್ದಿಗಳ ಪೂರ್ವಜರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದಾಗ ಅವರೂ ಯಾರದೋ ಲೆಕ್ಕದ ಪುಸ್ತಕದಲ್ಲಿ ಸರಕಾಗಿದ್ದರು. ಗೋವೆಯ ಪೋರ್ತುಗೀಜ್ ಯಜಮಾನರಿಂದ ತಪ್ಪಿಸಿಕೊಂಡು ಈ ಯಲ್ಲಾಪುರ, ಹಳಿಯಾಳದ ಕಾಡು ಹೊಕ್ಕವರು ತಮ್ಮ ಹೆಸರನ್ನು ಆ ಪುಸ್ತಕದಿಂದ ತಾವೇ ಹೊಡೆದು ಹಾಕಿದರು. ಅದಕ್ಕಿಂತ ದೊಡ್ಡ ಮಾಯೆ ಯಾವ ಪುರಾಣದಲ್ಲಿದೆ? ಆದರೆ ಕಾಡಿಗೂ ಒಂದು ದಫ್ತರ ಬಂತು. ಬ್ರಿಟಿಷರ ಅರಣ್ಯ ಕಾಯಿದೆ 1878ರಲ್ಲಿ ಬಂದು ಕಾಡನ್ನು ಸರ್ಕಾರದ ಆಸ್ತಿ ಮಾಡಿತು. ಕಾಡಿನಲ್ಲಿ ಬದುಕಿದವರು ಅತಿಕ್ರಮಣದಾರರಾದರು. ಸಿದ್ದಿಗಳ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಲು 2003 ಬರಬೇಕಾಯಿತು.

ಇಷ್ಟೆಲ್ಲ ಶಕ್ತಿಯಿದ್ದ ಕೋತಿ ಕೊನೆಗೆ ಏನಾದ? ಸ್ವರ್ಗದ ಸೈನ್ಯಕ್ಕೆ ಸೋಲದವನನ್ನು ಬುದ್ಧ ಅಂಗೈಯಲ್ಲಿ ಹಿಡಿದು ಬೆಟ್ಟದಡಿ ಐನೂರು ವರ್ಷ ಒತ್ತಿ ಇಟ್ಟ. ಹೊರಗೆ ಬಿಟ್ಟದ್ದು ಭಿಕ್ಷುವಿನ ಕಾವಲಿಗೆ ಎಂಬ ಕರಾರಿನ ಮೇಲೆ. ತಲೆಗೊಂದು ಚಿನ್ನದ ಪಟ್ಟಿ ಹಾಕಿದರು. ಕೋತಿ ಹೇಳಿದ ಮಾತು ಕೇಳದಿದ್ದರೆ ಗುರು ಮಂತ್ರ ಹೇಳುತ್ತಾನೆ, ಪಟ್ಟಿ ಬಿಗಿಯುತ್ತದೆ, ಕೋತಿ ನೆಲಕ್ಕೆ ಬಿದ್ದು ಹೊರಳುತ್ತಾನೆ. ಕತೆಯ ಕೊನೆಗೆ ಅವನೇ ಒಬ್ಬ ಬುದ್ಧನಾಗುತ್ತಾನೆ, ಪಟ್ಟಿ ಮಾಯವಾಗುತ್ತದೆ. ಪಳಗಿದ ಮೇಲೆ ಪಟ್ಟಿ ಯಾಕೆ ಬೇಕು?

ಇದೇ ಕೋತಿಯನ್ನು 1961ರಲ್ಲಿ ಮಾವೋ ತನ್ನ ಕವಿತೆಯಲ್ಲಿ ಹೊಗಳಿದ. 1966ರಲ್ಲಿ ರೆಡ್ ಗಾರ್ಡ್ ಹುಡುಗರು ನಾವೇ ಆ ಕೋತಿಗಳು, ನಮ್ಮ ಕೈಯಲ್ಲಿ ಆ ದೊಣ್ಣೆಯಿದೆ ಎಂದು ಗೋಡೆಪತ್ರ ಬರೆದು ಬೀದಿಗಿಳಿದರು, ಮಾಸ್ತರರನ್ನು ಹೊಡೆದರು. 1968ರ ಹೊತ್ತಿಗೆ ಅವರನ್ನೇ ಹಳ್ಳಿಗಳಿಗೆ ಅಟ್ಟಲಾಯಿತು. ದೊಣ್ಣೆ ಹುಡುಗರ ಕೈಯಲ್ಲಿತ್ತು, ಪಟ್ಟಿಯ ಮಂತ್ರ ಬೇರೆಯವರ ಬಾಯಲ್ಲಿತ್ತು. ವಿದ್ಯಾರ್ಥಿ ಗೆಳೆಯರು ಇದನ್ನು ಮರೆಯಬಾರದು.

ನಮ್ಮಲ್ಲಿ ಪಟ್ಟಿ ಹಾಕುವ ಕೆಲಸ ಇನ್ನೂ ನಯವಾಗಿ ನಡೆದಿದೆ. ಲಂಕೆ ಸುಟ್ಟ ಹನುಮಂತನನ್ನು ಕೈಮುಗಿದು ಮಂಡಿಯೂರಿದ ದಾಸನನ್ನಾಗಿ ಮಾಡಿ ಊರೂರಿಗೂ ಗುಡಿ ಕಟ್ಟಿದರು. ಆ ಗುಡಿಯ ಕಟ್ಟೆ ಹತ್ತಲು ನಮ್ಮವರನ್ನು ಬಿಡಲಿಲ್ಲ. ಮಂಟೇಸ್ವಾಮಿ ಐಕ್ಯರಾದರೆಂದು ಜನ ನಂಬುವ ಬೊಪ್ಪೇಗೌಡನಪುರದ ಮಠದ ಪೀಠ ಅರಸು ಮನೆತನದವರಲ್ಲಿದೆ. ಹಾಡು ನೀಲಗಾರರ ಬಾಯಲ್ಲಿದೆ. ಇದು ಯಾರೊಬ್ಬರ ತಪ್ಪೆಂದು ನಾವು ಹೇಳುತ್ತಿಲ್ಲ. ಚರಿತ್ರೆ ಹೇಗೆ ಹರಿಯುತ್ತದೆ ಎಂದು ತೋರಿಸುತ್ತಿದ್ದೇವೆ.

ಸಿದ್ದಪ್ಪಾಜಿಯ ಗದ್ದಿಗೆ ಇರುವ ಚಿಕ್ಕಲ್ಲೂರಿನಲ್ಲಿ ಪ್ರತಿ ವರ್ಷ ಜನವರಿಯ ಹುಣ್ಣಿಮೆಗೆ ಐದು ದಿನ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲ ಉರಿಯುತ್ತದೆ. ಆಮೇಲೆ ಪಂಕ್ತಿಸೇವೆ. ಬಂದ ಒಕ್ಕಲೆಲ್ಲ ಬಿಡಾರ ಹೂಡಿ, ಮಾಂಸದಡಿಗೆ ಮಾಡಿ, ಜಾತಿ ಕೇಳದೆ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಕಲ್ಯಾಣದ ಬಾಗಿಲಲ್ಲಿ ತಿಪ್ಪೆಗೆ ಬಿದ್ದವರು ತಮ್ಮದೇ ಪಂಕ್ತಿ ಹಾಕಿಕೊಂಡದ್ದು ಇದು. ಈಚಿನ ವರ್ಷಗಳಲ್ಲಿ 1959ರ ಪ್ರಾಣಿಬಲಿ ತಡೆ ಕಾಯಿದೆಯ ಹೆಸರು ಹೇಳಿ ಇದನ್ನೂ ತಡೆಯಲು ಹೊರಟರು, ದಾರಿಯಲ್ಲಿ ಪೊಲೀಸರನ್ನು ನಿಲ್ಲಿಸಿದರು. 'ನಾವು ಬಲಿ ಕೊಡೋದಿಲ್ಲ ಸ್ವಾಮಿ, ಅಡಿಗೆ ಮಾಡಿ ಎಲ್ಲಾರೂ ಉಣ್ತೀವಿ' ಎಂಬುದು ಒಕ್ಕಲಿನವರ ಉತ್ತರ. ಹೆಂಡ, ಮಾಂಸ ಹೊತ್ತು ಬಂದ ಗುರುವಿನ ಜಾತ್ರೆಯನ್ನು ಸಸ್ಯಾಹಾರ ಮಾಡಿದರೆ ಅಲ್ಲಿ ಉಳಿಯುವುದು ಚಿನ್ನದ ಪಟ್ಟಿ ಒಂದೇ.

ಈಗ ನಮ್ಮ ಊರಿನ ಮಾತಿಗೆ ಬರೋಣ. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನಲ್ಲಿ ಬಾಳಿದವರಿಗೆ ಹಕ್ಕು ಕೊಡುತ್ತೇನೆ ಎಂದಿತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ತೋರಿಸಬೇಕು. ಉಳಿದವರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಬಾಳಿದ್ದನ್ನು ರುಜುವಾತು ಮಾಡಬೇಕು. ಅಕ್ಷರ ಕಲಿಯಲು ಬಿಡದೆ ಇಟ್ಟವರನ್ನು 75 ವರ್ಷದ ಕಾಗದ ತಾ ಎಂದು ಕೇಳುವುದು ಹಲಗೂರಿನ ಪರೀಕ್ಷೆಗಿಂತ ಕಡಿಮೆಯೇನಲ್ಲ. ಆದರೆ ಅದೇ ಕಾಯಿದೆಯ ನಿಯಮಗಳಲ್ಲಿ ಒಂದು ಸೂಜಿಯಂಥ ಕಬ್ಬಿಣ ಅಡಗಿದೆ. ಅರ್ಜಿದಾರರಲ್ಲದ ಊರಿನ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷಿ. ಹಳೆಯ ಬಾವಿ, ಮಸಣ, ಕಾಡಿನ ದೇವರ ಜಾಗ, ಅವೂ ಸಾಕ್ಷಿ.

ಅಂದರೆ ಅಜ್ಜ ಅಜ್ಜಿಯರ ಬಾಯಿಮಾತಿಗೆ ಕಾನೂನೇ ಒಂದು ಬಾಗಿಲು ಬಿಟ್ಟಿದೆ. ಯಾವ ಗುಡ್ಡದ ಮೇಲೆ ಯಾವ ಭೂತ ಕೂತಿತು, ಯಾವ ಬಾವಿ ಯಾರ ಕಾಲದ್ದು, ಯಾವ ಮರದಡಿ ಯಾರನ್ನು ಮಣ್ಣು ಮಾಡಿದರು ಎಂಬ ಕತೆಗಳನ್ನು ಮೂಢನಂಬಿಕೆ ಎಂದು ಮಕ್ಕಳ ಮುಂದೆ ನಕ್ಕು ತಳ್ಳಬೇಡಿ ಎಂದು ಮಾಸ್ತರರಲ್ಲಿ ನಮ್ಮ ವಿನಂತಿ. ಹುಡುಗರ ಕೈಗೆ ಹಾಳೆ ಕೊಟ್ಟು, ಮನೆಯ ಹಿರಿಯರು ಹೇಳಿದ ಹಾಗೆಯೇ, ಅವರ ಮಾತಿನಲ್ಲೇ ಬರೆಸಿರಿ. ಸಿದ್ದಿಗಳ ಡಮಾಮಿಯ ಪದ, ಗೌಳಿಗಳ ಕತೆ ಎಲ್ಲವೂ ಬರಲಿ. ಕಾರ್ಯಕರ್ತರು ಅದನ್ನು ಗ್ರಾಮಸಭೆಯ ಮುಂದೆ ಓದಿ, ಹಿರಿಯರ ಹೆಬ್ಬೆಟ್ಟು ಹಾಕಿಸಿ, ಅರ್ಜಿಗೆ ಲಗತ್ತಿಸಲಿ.

ಚೀನದ ಕೋತಿ ಹೆಸರು ಹೊಡೆದು ಹಾಕಿದ, ನಾವು ಹೆಸರು ಬರೆಸಬೇಕಾಗಿದೆ. ಎರಡಕ್ಕೂ ಮೊದಲು ಕುಂಚ ಕೈಗೆ ಬರಬೇಕು.